ಪೀಠದ ಮೇಲಿನ ಹೆಪ್ಪು

ಲುವಾಳ ಮನೆಗೆ ಹೊಸದಾಗಿ ಬಂದವರು ತೀರಿಕೊಂಡ ಹಿರಿಯರ ಪೂಜೆಯ ಪೀಠ ನೋಡಿ ಮೂಗು ಮುಚ್ಚಿಕೊಳ್ಳುವುದುಂಟು. ಗಂಡ ಖಿಯೆಮ್‌ನ ಫೋಟೋ, ಊದುಬತ್ತಿಯ ಬಟ್ಟಲು, ಹಣ್ಣಿನ ತಟ್ಟೆ, ಎಲ್ಲ ಸರಿ. ನಡುವೆ ಹಸಿರು ಬೂಸ್ಟು ಹಿಡಿದ ಅನ್ನದ ಪ್ಲಾಸ್ಟಿಕ್ ಚೀಲ ಯಾಕೆ? ಕಾಲುವೆಯ ಆಚೀಚಿನವರು ಮಾತ್ರ ಆ ಚೀಲಕ್ಕೂ ಸೇರಿಸಿಯೇ ಕೈಮುಗಿಯುತ್ತಿದ್ದರು.

ಹಿಂದೆ ಕಂದು ಜಿಗಿಹುಳು ಬಿದ್ದು ಗದ್ದೆಗಳೆಲ್ಲ ಸುಟ್ಟಂತಾದ ವರ್ಷ, ಭತ್ತದ ಬುಡದಲ್ಲಿ ಒಂದು ಹುಳು ಸತ್ತು ಅಂಟಿಕೊಂಡಿದ್ದನ್ನು ಖಿಯೆಮ್ ಕಂಡ. ಅದರ ಮೈತುಂಬ ಹಸಿರು ಪುಡಿ. ಅಮ್ಮನ ಸುಣ್ಣದ ಡಬ್ಬಿಯಲ್ಲಿ ಅದನ್ನು ತಂದು, ಹಬೆಯಲ್ಲಿ ಬೆಂದ ನುಚ್ಚಕ್ಕಿಯ ಮೇಲೆ ಬೆಳೆಸಿದ. ನೀರಿಗೆ ಕಲಸಿ ಸಂಜೆ ಗದ್ದೆಗೆ ಹೊಡೆದರೆ ಹುಳುಗಳು ಬೂಸ್ಟು ಹಿಡಿದು ಸಾಯುತ್ತಿದ್ದವು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹಳೆಯ ಚೀಲದ ಒಂದು ಚಿಟಿಕೆಯಿಂದ ಹೊಸ ಚೀಲ. ಅವನನ್ನು ನೋಡಿ ಉಳಿದವರೂ ತಮ್ಮ ತಮ್ಮ ಗದ್ದೆಯ ಸತ್ತ ಹುಳು ಹುಡುಕಿ ತಮ್ಮದೇ ಹೆಪ್ಪು ಮಾಡಿಕೊಂಡರು.

ಖಿಯೆಮ್ ತೀರಿಕೊಂಡ ಮೇಲೆ ಲುವಾ ಆ ಹೆಪ್ಪನ್ನು ಸಾಯಲು ಬಿಡಲಿಲ್ಲ. ಅವನು ಬಿಟ್ಟುಹೋದದ್ದರಲ್ಲಿ ಜೀವ ಇದ್ದದ್ದು ಅದೊಂದಕ್ಕೇ, ಮಕ್ಕಳಿರಲಿಲ್ಲ. ಸೂತಕದಲ್ಲಿ ತಲೆಗೆ ಕಟ್ಟಿದ ಬಿಳಿ ಪಟ್ಟಿಯನ್ನು ಅವಧಿ ಮುಗಿದಾಗ ಸುಡಬೇಕು. ಇವಳು ಅದರಿಂದಲೇ ಚೀಲದ ಬಾಯಿ ಕಟ್ಟಿದಳು. ಮೈದುನ ದೋಮ್ ಬೈದ. ಬೈಗುಳ ಇವಳ ಕಿವಿಗೆ ಬೀಳಲೇ ಇಲ್ಲ, ಬೇಡದ ಮಾತಿಗೆ ಅವಳ ಕಿವಿ ಯಾವಾಗಲೂ ಮಂದ.

ಈ ಸಲದ ತಿಥಿಗೆ ಊರೆಲ್ಲ ಬಂದಿತ್ತು. ತಿಥಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ಅಲ್ಲಿಲ್ಲ. ಬಾಳೆಲೆಯಲ್ಲಿ ಬೇಯಿಸಿದ ಅಂಟಕ್ಕಿ ಕಡುಬಿನ ಜೊತೆ ಲುವಾ ಖಿಯೆಮ್‌ನ ಹೆಪ್ಪನ್ನೂ ಒಂದೊಂದು ಪೊಟ್ಟಣ ಕಟ್ಟಿಕೊಟ್ಟಳು. ಸತ್ತವನ ಆಶೀರ್ವಾದ ಅಂತ ಎಲ್ಲರೂ ತಮ್ಮ ಮನೆಯ ಚೀಲಗಳಿಗೆ ಅದನ್ನು ಬೆರೆಸಿದರು.

ಆಮೇಲೆ ಯಾರ ಚೀಲವೂ ಹಸಿರಾಗಲಿಲ್ಲ. ಹತ್ತಿಯಂತೆ ಬೆಳ್ಳಗೆ ಬೆಳೆದು ಸುಮ್ಮನಾದವು. ಅದನ್ನೇ ಹೊಡೆದು ಕಾದರು.

ಒಂದು ಮಧ್ಯಾಹ್ನ ಲುವಾ ಗದ್ದೆಗಿಳಿದಳು. ಭತ್ತದ ಬುಡದ ಮೇಲೆ ಅಂಗೈ ಆಡಿಸಿದರೆ ಜಿಗಿಹುಳುಗಳು ಎಳ್ಳು ಸಿಡಿದಂತೆ ಸಿಡಿಯಬೇಕು. ಒಂದೂ ಸಿಡಿಯಲಿಲ್ಲ. ಸತ್ತಿವೆಯೆಂದು ಬಗ್ಗಿ ನೋಡಿದರೆ ಎಲ್ಲವೂ ಬದುಕಿದ್ದವು. ಪ್ರತಿಯೊಂದರ ಕುತ್ತಿಗೆಯ ಸಂದಿಯಿಂದ ಬಿಳಿ ಎಳೆ ಹೊರಟು ತಲೆಯನ್ನು ಸುತ್ತಿತ್ತು. ಅವಳ ನೆರಳು ಬಿದ್ದ ಕೂಡಲೇ ಸಾಲಿಗೆ ಸಾಲೇ ಅವಸರವಿಲ್ಲದೆ ಕಡ್ಡಿಯ ಆ ಬದಿಗೆ ಸರಿಯಿತು. ಕುಪ್ಪಸದ ತುದಿಯನ್ನು ಬಿಗಿಹಿಡಿದುಕೊಂಡು ಅವಳು ದಂಡೆಗೆ ಹತ್ತಿದಳು.

ದೋಮ್‌ನ ಮಗಳು ಥುಯ್ ಬೆಳೆರೋಗದ ಕಚೇರಿಯಲ್ಲಿದ್ದಳು. ಮನೆಮನೆಯ ಚೀಲದಿಂದಲೂ, ಪೀಠದ ಚೀಲದಿಂದಲೂ ಚಿಟಿಕೆ ಚಿಟಿಕೆ ಒಯ್ದವಳು ವಾರ ಕಳೆದು ಬಂದು, ಚಹಾ ಮುಟ್ಟದೆ ಕೂತಳು.

“ದೊಡ್ಡಮ್ಮ, ಬೂಸ್ಟಿಗೇ ಕಾಯಿಲೆ ಬಂದಿದೆ. ಒಳಗೆ ವೈರಸ್ ಸೇರ್ಕೊಂಡಿದೆ, ಅದಕ್ಕೇ ಹುಳುಗಳನ್ನ ಕೊಲ್ಲದೆ ಅವುಗಳ ಮೈಯಲ್ಲೇ ಬದುಕ್ತಿದೆ. ಎರಡು ಬೂಸ್ಟು ಒಂದಕ್ಕೊಂದು ತಾಗಿ ಬೆರೆತ್ರೆ ಇದರದ್ದು ಅದಕ್ಕೂ ಹೋಗತ್ತೆ.”

“ಯಾರ ಮನೇದ್ರಿಂದ ಬಂತು?” ಎಂದ ದೋಮ್.

ಥುಯ್ ಪೀಠದ ಕಡೆ ನೋಡಿದಳು.

“ಅವರು ಎಲ್ರಿಗೂ ಅನ್ನ ಇಟ್ಟೋರು ಕಣೆ,” ಎಂದಳು ಲುವಾ.

“ದೊಡ್ಡಮ್ಮ, ಕಾಯಿಲೆ ಹಂಚಿದ್ದು ದೊಡ್ಡಪ್ಪ ಅಲ್ಲ. ಹಳೇದ್ರಿಂದ ಹೊಸದು ಮಾಡ್ತಾ ಮಾಡ್ತಾ ಅದು ಒಳಗೇ ಬಲಿತಿದೆ. ಊರಲ್ಲಿರೋದನ್ನೆಲ್ಲ ಬೇಯಿಸಿಬಿಡ್ಬೇಕು. ಒಂದು ಉಳಿದ್ರೂ ಮತ್ತೆ ಶುರುವಾಗತ್ತೆ.”

ಮರುದಿನ ಎಲ್ಲರೂ ತಂತಮ್ಮ ಚೀಲಗಳನ್ನು ತಂದು ಲುವಾಳ ಅಂಗಳದಲ್ಲಿ ಸುರಿದರು. ನುಚ್ಚಕ್ಕಿ ಬೇಯಿಸುವ ದೊಡ್ಡ ಡ್ರಮ್ಮು ಅವಳಲ್ಲಿ ಮಾತ್ರ ಇತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಪೀಠದ್ದನ್ನೂ ಹಾಕಿದಿರಾ ಎಂದು ಥುಯ್ ಕೇಳಿದಾಗ ಹೂಂ ಎಂದಳು. ಸುಳ್ಳು. ಪೀಠ ಬಿಟ್ಟು ಅಲುಗದ ಚೀಲ ಯಾರಿಗೇನು ಮಾಡೀತು?

ಮುಸ್ಸಂಜೆಗೆ ಪೀಠದ ಕೆಂಪು ದೀಪ ಹಚ್ಚಲು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಬೆಳಕಿಗೆ ಜಿಗಿಹುಳು ಬರುವುದು ಹೊಸದಲ್ಲ. ಆದರೆ ದೀಪ ಇನ್ನೂ ಹಚ್ಚಿರಲಿಲ್ಲ. ಖಿಯೆಮ್‌ನ ಫೋಟೋದ ಗಾಜಿನ ಮೇಲೆ, ಅವನ ಮುಖದ ಸುತ್ತ, ಅವು ಸಾಲಾಗಿ ಕೂತಿದ್ದವು. ತಲೆಗೆ ಬಿಳಿ ಎಳೆ. ಶವದ ಮುಂದೆ ನೆಂಟರು ಕೂರುವುದು ಹಾಗೆಯೇ. ಚೀಲದ ಬಾಯಿ ಕಟ್ಟಿದ ಪಟ್ಟಿಯ ನೇಯ್ಗೆಯನ್ನು ತೂರಿ ಬೂಸ್ಟು ಹೊರಬಂದಿತ್ತು. ಎಲ್ಲಿ ಬಟ್ಟೆ ಮುಗಿದು ಎಲ್ಲಿ ಬೂಸ್ಟು ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ಅದರ ಮೇಲೆ ನಡೆದುಕೊಂಡು ಒಂದೊಂದೇ ಹುಳು ಕಿಟಕಿಯ ಕಡೆಗೆ, ಗದ್ದೆಯ ಕಡೆಗೆ ಹೊರಟಿತ್ತು.

ಲುವಾ ಅಂಗೈಯಿಂದ ಕಿಟಕಿ ಮುಚ್ಚಿದಳು. ಆಮೇಲೆ ಚೀಲವನ್ನು ಎತ್ತಿಕೊಂಡಳು. ಅದು ಬೆಚ್ಚಗಿತ್ತು. ಬೂಸ್ಟು ಬೆಳೆಯುವಾಗ ಚೀಲ ಬೆಚ್ಚಗಾಗುತ್ತದೆಂದು ಅವಳಿಗೆ ಹೇಳಿಕೊಟ್ಟವನೇ ಅವನು. ಗೊತ್ತಿದ್ದೂ ಎದೆಗೊತ್ತಿಕೊಂಡಳು, ಗೊತ್ತಿದ್ದೂ ಅತ್ತಳು. ಎಷ್ಟೋ ದಿನ ಊಟ ಬಿಟ್ಟು ಇದಕ್ಕೆ ಅನ್ನ ಬೇಯಿಸಿದ್ದಳು. ಇದಕ್ಕೆ ಸಾವಿಲ್ಲವೆಂದು ನಂಬಿದ್ದಳು. ಇದು ಹುಳುಗಳಿಗೂ ಸಾವಿಲ್ಲದಂತೆ ಮಾಡಿ ಕೂತಿತ್ತು.

ಫೋಟೋದ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಒಂದು ಹುಳುವೂ ಹಾರಲಿಲ್ಲ. ಬಟ್ಟೆಯ ಸಮೇತ ಡ್ರಮ್ಮಿಗೆ ಹೋದವು. ಚೀಲದ ಬಾಯಿಂದ ಪಟ್ಟಿ ಬಿಚ್ಚಿ ಡ್ರಮ್ಮಿನ ಕೆಳಗಿನ ಒಲೆಗೆ ಹಾಕಿದಳು. ಹಸಿಯಾಗಿದ್ದರಿಂದ ಅದು ಹೊತ್ತಿಕೊಳ್ಳಲು ತಡಮಾಡಿತು. ಹೊತ್ತಿಕೊಂಡ ಮೇಲೆ ಚೀಲವನ್ನು ಡ್ರಮ್ಮಿನೊಳಗಿಟ್ಟು ಮುಚ್ಚಳ ಮುಚ್ಚಿದಳು.

ಒಲೆಯ ಬೆಳಕು ಕಂಡು ಬೇಲಿಯಾಚೆ ದೋಮ್ ಬಂದು ನಿಂತ.

ಹಬೆ ಎದ್ದು ಹೊಸ ಅನ್ನದ ವಾಸನೆ ಮನೆ ತುಂಬಿತು. ಬದುಕಿದ್ದಾಗ ಗದ್ದೆಗೆ ಹೊರಟ ಅವನಿಗೆ ದಿನಾ ಹೋಗಿ ಬನ್ನಿ ಎನ್ನುತ್ತಿದ್ದಳು. ಮಣ್ಣು ಮಾಡುವಾಗಲೂ ಹಾಗೇ ಅಂದಿದ್ದಳು.

“ಹೋಗಿ,” ಎಂದಳು ಈಗ, ಮುಚ್ಚಳದ ಮೇಲೆ ಕೈಯಿಟ್ಟು. “ಬರಬೇಡಿ.”