ಎಂಟು ಮಂಚದ ಮನೆ

“ಗೋಡೆ ಮೊಳೆ ಒಂದೂ ಕೀಳ್ಬೇಡಿ ಕಣಮ್ಮ, ಪೇಂಟು ಕಿತ್ಕೊಂಡ್ ಬರ್ತದೆ,” ಎಂದು ಮನೆ ಮಾಲೀಕ ಮುನಿವೆಂಕಟಪ್ಪನವರು ಬಾಗಿಲಲ್ಲಿ ನಿಂತು ಹೇಳಿದಾಗ ಕಲಾವತಿ ಕುಕ್ಕರಗಾಲಲ್ಲಿ ಕೂತು ಎಂಟು ಮಂಚಗಳಲ್ಲಿ ಕೊನೆಯದರ ಬೋಲ್ಟು ಬಿಚ್ಚುತ್ತಿದ್ದಳು. ತುಕ್ಕು ಹಿಡಿದ ಬೋಲ್ಟು. ಸ್ಪ್ಯಾನರು ಜಾರಿ ಬೆರಳ ಗಂಟಿನ ಚರ್ಮ ಕಿತ್ತಿತ್ತು. ಮೊಳೆಯಂತೆ, ಪೇಂಟಂತೆ! ಸ್ಪ್ಯಾನರನ್ನು ಅವರ ಕಡೆಗೇ ಬೀಸಿ ಎಸೆಯಬೇಕೆನಿಸಿತು. “ಆಯ್ತು ಸಾರ್,” ಎಂದಳು.

ಕುರುಬರಹಳ್ಳಿಯ ಆ ಮನೆಯ ಮೊದಲ ಮಹಡಿಯಲ್ಲಿ ಒಂಬತ್ತು ವರ್ಷದಿಂದ, ಗಂಡನ ಏಟು ತಡೆಯಲಾರದೆ ಓಡಿಬಂದ ಹೆಂಗಸರು ಇರುತ್ತಿದ್ದರು. ಕಲಾವತಿ ಅದರ ವಾರ್ಡನ್. ಹೊರಗೆ ಬೋರ್ಡಿರಲಿಲ್ಲ, ಬೀದಿಯವರ ಮಟ್ಟಿಗೆ ಅದೊಂದು ಲೇಡೀಸ್ ಪಿಜಿ. ಯುರೋಪಿನ ಒಂದು ದೇಶದ ಸರ್ಕಾರ ಬಡ ದೇಶಗಳಿಗೆಂದು ಕೊಡುವ ಸಹಾಯದ ಹಣದಲ್ಲಿ ಎಲ್ಲವೂ ನಡೆಯುತ್ತಿತ್ತು. ಆ ದೇಶಕ್ಕೀಗ ಯುದ್ಧದ ಭಯ ಹತ್ತಿಕೊಂಡಿತ್ತು. ಹೊರಗಿನವರಿಗೆ ಕೊಡುವುದನ್ನು ಕಡಿದು ಸೈನ್ಯಕ್ಕೆ ಸುರಿಯುವುದೆಂದು ಅಲ್ಲಿ ತೀರ್ಮಾನವಾಯಿತು. ಮನೆ ನಡೆಸುತ್ತಿದ್ದ ಟ್ರಸ್ಟಿನಾಕೆ ವಿಡಿಯೋ ಕಾಲ್‌ನಲ್ಲಿ ಇನ್ನು ಮನೆ ಮುಚ್ಚಬೇಕೆಂದು ತಿಳಿಸಿ ಅತ್ತಳು. ಅತ್ತರೇನು ಬಂತು? ಕಂಡಕಂಡವರ ಕೈಕಾಲು ಹಿಡಿದು ಕಲಾವತಿ ಕೆಲವರಿಗೆ ಜಾಗ ಹುಡುಕಿದಳು. ಎಲ್ಲೂ ಜಾಗ ಸಿಗದ ಮೂವರು, ಯಾರಿಂದ ತಪ್ಪಿಸಿಕೊಂಡು ಬಂದಿದ್ದರೋ ಅವರ ಹತ್ತಿರಕ್ಕೇ ವಾಪಸ್ಸು ಹೋದರು. ಅವರನ್ನು ಆಟೋ ಹತ್ತಿಸಿದವಳೂ ಇವಳೇ.

ಉಳಿದವಳು ಭಾಗವ್ವ ಒಬ್ಬಳು. ನರಗುಂದದ ಕಡೆಯವಳು, ಗಂಡನ ಜೊತೆ ಕೆಂಗೇರಿಗೆ ಬಂದು ಸೇರಿದವಳು. ಅವನು ಮುರಿದ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಮೈಸೂರಿನ ಒಂದು ಆಶ್ರಯಧಾಮದವರು ಅವಳನ್ನು ಇಟ್ಟುಕೊಳ್ಳಲು ಒಪ್ಪಿ, ಸಂಜೆಗೆ ವ್ಯಾನು ಕಳಿಸುತ್ತೇವೆಂದಿದ್ದರು. ಅಲ್ಲಿಯವರೆಗೆ ಅವಳನ್ನು ಕಾಪಾಡಿಕೊಂಡರೆ ಸಾಕಿತ್ತು. “ಇನ್ನೊಮ್ಮಿ ಸಿಕ್ರ ಕೊಂದ ಬಿಡ್ತಾನ್ರೀ ಅಕ್ಕಾರ,” ಎಂದು ಭಾಗವ್ವ ಬಂದ ದಿನವೇ ಹೇಳಿದ್ದಳು. ಅಕ್ಕಿ ತೀರಿದೆ ಎನ್ನುವಷ್ಟು ಸಹಜವಾಗಿ ಹೇಳಿದ್ದಳು.

ಮುನಿವೆಂಕಟಪ್ಪನವರು ಹೋಗುವ ಲಕ್ಷಣ ಕಾಣಲಿಲ್ಲ. ಬೆಳಿಗ್ಗೆಯಿಂದ ಕೆಳಗೆ ಟೀವಿಯಲ್ಲಿ ಯುದ್ಧ ನೋಡಿ ಅವರಿಗೆ ಒಳ್ಳೆ ಹುರುಪು ಬಂದಿತ್ತು. “ಆ ದೇಶದವ್ರನ್ನ ಬೈದು ಏನು ಬತ್ತದಮ್ಮ? ಅವ್ರ ದುಡ್ಡು, ಬಾಂಬಾದ್ರೂ ತಕ್ಕೊಳ್ತಾರೆ, ಬಂದೂಕಾದ್ರೂ ತಕ್ಕೊಳ್ತಾರೆ. ಮೊದ್ಲು ತಮ್ಮ ಬಾಗ್ಲು ಭದ್ರ ಮಾಡ್ಕೋಬೇಕು ತಾನೆ? ಊರೋರಿಗೆಲ್ಲ ಎಷ್ಟ್ ದಿನಾಂತ ಅನ್ನ ಹಾಕ್ತಾರೆ?”

“ನಮ್ಮ ಬಾಗ್ಲು ಯಾರು ಭದ್ರ ಮಾಡ್ತಾರೆ ಸಾರ್?”

“ನಿಮ್ಗೇನಮ್ಮ ಆಗಿರೋದು? ಅದಿರ್ಲಿ, ಮನೆ ನೋಡಕ್ಕೆ ಒಂದು ಪಾರ್ಟಿ ಬಂದದೆ. ಗೇಟ್ ಹತ್ರ ಗಾಡಿ ನಿಲ್ಲಿಸ್ತಾ ಅವ್ನೆ.”

“ಸಂಜೆವರೆಗೂ ಯಾರನ್ನೂ ಕರೀಬೇಡಿ ಅಂತ ಕೈ ಮುಗಿದು ಹೇಳಿದ್ನಲ್ಲ ಸಾರ್.”

“ನೋಡ್ಕೊಂಡ್ ಹೋದ್ರೆ ಮನೆ ಸವೆದೋಗ್ತದಾ? ನಿನ್ನೆ ಏರಿಯಾ ಗ್ರೂಪಿಗೆ ಹಾಕ್ದೆ ನೋಡಿ, ಇವತ್ತೇ ಜನ ಬಂದ್ರು.”

“ಏನಂತ ಹಾಕಿದ್ರಿ?”

“ಇರೋದೇ ಹಾಕ್ದೆ. ಹೆಂಗಸರ ಆಶ್ರಮ ಖಾಲಿ ಆಗ್ತಾ ಅದೆ, ಫಸ್ಟ್ ಫ್ಲೋರು, ಪಿಜಿಗೆ ಚೆನ್ನಾಗದೆ ಅಂತ. ಅಡ್ರೆಸ್ಸು, ಫೋಟೋ, ಎಲ್ಲಾ.”

ಒಂಬತ್ತು ವರ್ಷ ತರಕಾರಿ ಗಾಡಿಯವನಿಗೂ ಗುಟ್ಟು ಬಿಟ್ಟುಕೊಡದ ಮನೆ. ಆ ಮೆಸೇಜು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹಾರುತ್ತಾ ಇಷ್ಟು ಹೊತ್ತಿಗೆ ಅರ್ಧ ಬೆಂಗಳೂರು ಸುತ್ತಿರುತ್ತದೆ. ಕಲಾವತಿ ಬಾಗಿಲ ಚಿಲಕ ಹಾಕಲು ಎದ್ದಳು. ಅಷ್ಟರಲ್ಲಿ ಆ ಮನುಷ್ಯ ಮೆಟ್ಟಿಲು ಹತ್ತಿ ಒಳಗೇ ಬಂದುಬಿಟ್ಟಿದ್ದ. ಊಟ ತಲುಪಿಸುವವರ ಟೀಶರ್ಟು, ತಲೆಯ ಮೇಲೆ ಹೆಲ್ಮೆಟ್ಟು.

“ರೂಮು ಎಷ್ಟ್ ಅದಾವ್ರಿ?” ಎಂದ.

ಅಡುಗೆಮನೆಯಲ್ಲಿದ್ದ ಭಾಗವ್ವನ ಕೈಯಿಂದ ಪಾತ್ರೆಯೊಂದು ನೆಲಕ್ಕೆ ಬಿತ್ತು. ಅವನು ಆ ಕಡೆ ತಿರುಗಿದ. ಕಲಾವತಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ. ಇವನೇ ಫಕೀರೇಶ, ಭಾಗವ್ವನ ಗಂಡ. ಅಡ್ಡ ನಿಂತಳು. ಅವನು ಭುಜದಿಂದ ನೂಕಿದ ರಭಸಕ್ಕೆ ಗೋಡೆಗೆ ತಾಗಿ ಬಿದ್ದಳು.

“ದವಾಖಾನಿಗೆ ಹೋಗಿ ಬರ್ತೀನಂತ ಹೋದಾಕಿ, ಇಲ್ಲಿ ಅಡಗಿ ಕುಂತೀಯೇನ?” ಹೆಲ್ಮೆಟ್ಟು ಕಿತ್ತು ಅದರಿಂದಲೇ ಹೆಂಡತಿಯ ಮುಖಕ್ಕೆ ಹೊಡೆದ. ಹುಬ್ಬು ಒಡೆಯಿತು. ಕೂದಲು ಹಿಡಿದು ಎಳೆದು, ಪ್ಲಾಸ್ಟರಿನ ಕೈಯನ್ನು ಅಡುಗೆಕಟ್ಟೆಯ ಅಂಚಿಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ. ಭಾಗವ್ವ ಕೂಗಲಿಲ್ಲ. ಕೂಗಿದರೆ ಏಟು ಹೆಚ್ಚುತ್ತದೆಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆಯಿಂದ ಊರೂರಿಗೇ ಬಾಂಬು ಹಾಕುತ್ತಿದ್ದ ಮುನಿವೆಂಕಟಪ್ಪನವರು ಗೋಡೆಗಂಟಿ ನಿಂತು “ಏಯ್, ಏನಯ್ಯ ಇದು, ಏಯ್,” ಎನ್ನುತ್ತಿದ್ದರು. ಕಾಲು ಮಾತ್ರ ಮುಂದಿಡಲಿಲ್ಲ.

“ಫಕೀರೇಶ್, ಕೂತ್ಕೊಂಡು ಮಾತಾಡೋಣ,” ಎಂದಳು ಕಲಾವತಿ ಎದ್ದು ನಿಂತು. ಎಂಥೆಂಥ ಗಂಡಂದಿರನ್ನು ಅವಳು ಇದೇ ತಣ್ಣನೆಯ ದನಿಯಲ್ಲಿ ಕೋರ್ಟಿನ ವರಾಂಡದಲ್ಲಿ, ಠಾಣೆಯ ಬೆಂಚಿನ ಮೇಲೆ ಹತೋಟಿಗೆ ತಂದಿದ್ದಳು. ದನಿ ಎತ್ತಬಾರದು, ಕೈ ಎತ್ತಲೇಬಾರದು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಇವಳು ಕಲಿಸುತ್ತಿದ್ದ ಮೊದಲ ಪಾಠವೇ ಅದು.

“ಗಂಡ ಹೆಂಡ್ತಿ ನಡುವ ನೀ ಯಾರ್ಬೇ?” ಎಂದವನೇ ಅವಳ ಹೊಟ್ಟೆಗೆ ಒದ್ದ.

ಬಿಚ್ಚಿಟ್ಟ ಮಂಚದ ರಾಶಿಯ ಮೇಲೆ ಹೋಗಿ ಬಿದ್ದಳು. ಉಸಿರು ಸಿಕ್ಕಿದಾಗ ಕೈಗೆ ಕಬ್ಬಿಣದ ಪಟ್ಟಿಯೂ ಸಿಕ್ಕಿತು. ಅವನು ಬೆನ್ನು ತಿರುಗಿಸಿ ಹೆಂಡತಿಯ ಕತ್ತು ಹಿಸುಕುತ್ತಿದ್ದ. ಕಲಾವತಿ ಅವನ ಮೊಣಕಾಲಿಗೆ ಬೀಸಿದಳು. ಹಸಿ ಸೌದೆ ಮುರಿದಂಥ ಸದ್ದಾಯಿತು. ಅವನು ಕುಸಿದ.

ಅಲ್ಲಿಗೆ ಸಾಕಿತ್ತು. ಭಾಗವ್ವನ ಕತ್ತು ಬಿಟ್ಟಿದ್ದ, ಇನ್ನು ಅವನು ಏಳುವ ಹಾಗಿರಲಿಲ್ಲ. ಆದರೆ ಕಲಾವತಿ ನಿಲ್ಲಿಸಲಿಲ್ಲ. ಭುಜಕ್ಕೆ ಹೊಡೆದಳು, ಬೆನ್ನಿಗೆ ಹೊಡೆದಳು, ತಡೆಯಲು ಬಂದ ಬೆರಳುಗಳ ಮೇಲೆ ಹೊಡೆದಳು. ಆಟೋ ಹತ್ತಿಸಿ ಕಳಿಸಿದ ಮೂವರ ಹೆಸರಿನಲ್ಲಿ ಹೊಡೆದಳು. ಎಲ್ಲೋ ಚಳಿಯ ದೇಶದಲ್ಲಿ, ಇವಳ ಹೆಸರೂ ಕೇಳಿರದವರು ಹಣ ಕಡಿಯಲೆಂದು ಸಭೆಯಲ್ಲಿ ಕೈ ಎತ್ತಿದ್ದರಲ್ಲ, ಆ ಸಿಟ್ಟಿಗೂ ಹೊಡೆದಳು. ಅವನು “ಯವ್ವಾ, ಬಿಡಬೇ ಯವ್ವಾ,” ಎನ್ನುತ್ತಿದ್ದ. ಅದನ್ನು ಕೇಳಿ ಅವಳಿಗೆ ಸುಖವಾಯಿತು. ಮೈ ತುಂಬ, ನಾಚಿಕೆಯಿಲ್ಲದ ಸುಖ.

“ಸತ್ತೋಯ್ತನೆ ಬಿಡಮ್ಮ, ನಿನ್ ಕಾಲಿಗ್ ಬೀಳ್ತೀನಿ.” ಮುನಿವೆಂಕಟಪ್ಪನವರು ಹಿಂದಿನಿಂದ ತಬ್ಬಿ ಹಿಡಿದಾಗಲೇ ಪಟ್ಟಿ ಕೈಯಿಂದ ಜಾರಿತು.

ಗಲಾಟೆ ಕೇಳಿ ಕೆಳಗಿನಿಂದ ಅವರ ಹೆಂಡತಿ ಹನುಮಕ್ಕ ಪೊಲೀಸರಿಗೆ ಫೋನು ಮಾಡಿದ್ದರು. ಗಾಡಿ ಬಂತು. ಪೇದೆ ನೆಲದಲ್ಲಿ ಬಿದ್ದವನನ್ನೂ ಕಲಾವತಿಯನ್ನೂ ನೋಡಿ “ಇವನಿಗೆ ಏನಾಯ್ತು?” ಎಂದು ಕೇಳಿದ.

“ಮೆಟ್ಲು ಮೇಲಿಂದ ಬಿದ್ದ ಸಾರ್,” ಎಂದರು ಮುನಿವೆಂಕಟಪ್ಪನವರು ತಡಮಾಡದೆ. “ನಾನೇ ನೋಡ್ದೆ.”

ಕಲಾವತಿ ಅವರ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ ಆ ಮನೆಗೆ ಬಂದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಆಸ್ಪತ್ರೆಯಲ್ಲಿ ಹೇಳಿ ಬಂದಿದ್ದ ಮಾತು ಅದು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಮೊದ್ಲು ಆಸ್ಪತ್ರೆಗೆ ಹಾಕೋಣ, ಆಮೇಲೆ ನಿಮ್ಮನ್ನೆಲ್ಲ ಕೇಳ್ತೀವಿ,” ಎಂದ ಪೇದೆ. ಪೊಲೀಸರಿಬ್ಬರು ಸೇರಿ ಫಕೀರೇಶನನ್ನು ಹೊತ್ತು ಇಳಿಸಿದರು. ದಾರಿ ತೋರಿಸುತ್ತಾ ಮುನಿವೆಂಕಟಪ್ಪನವರೂ ಇಳಿದರು.

ಭಾಗವ್ವ ಅಡುಗೆಕಟ್ಟೆಯ ಕೆಳಗೆ ಗೋಡೆಗೊರಗಿ ಕೂತಿದ್ದಳು. ಹುಬ್ಬಿನ ರಕ್ತ ಕಣ್ಣಿಗಿಳಿಯುತ್ತಿತ್ತು. ಬದುಕಿದಳಲ್ಲ, ಸಂಜೆ ವ್ಯಾನು ಹತ್ತುತ್ತಾಳಲ್ಲ ಎಂದು ಕಲಾವತಿಗೆ ಅಳು ಬರುವಷ್ಟು ಸಮಾಧಾನವಾಯಿತು. ಬಟ್ಟೆಯೊಂದನ್ನು ನಲ್ಲಿಯಲ್ಲಿ ನೆನೆಸಿ ಹಿಂಡಿ ಅವಳೆದುರು ಮಂಡಿಯೂರಿದಳು. ಒರೆಸಲೆಂದು ಕೈ ಎತ್ತಿದಳು.

ಭಾಗವ್ವನ ಕಣ್ಣು ಮುಚ್ಚಿತು. ಒಡೆದ ಪ್ಲಾಸ್ಟರಿನ ಕೈ ಸರ್ರನೆ ಮೇಲೆದ್ದು ಮುಖಕ್ಕೆ ಅಡ್ಡ ಬಂತು.

“ಭಾಗವ್ವ, ನಾನಮ್ಮ. ನಾನು ಕಲಾವತಿ.”

“ಗೊತ್ತೈತ್ರೀ ಅಕ್ಕಾರ,” ಎಂದಳು ಭಾಗವ್ವ ಕೈಯ ಹಿಂದಿನಿಂದ.

ಕೈ ಇಳಿಯಲಿಲ್ಲ. ಕಲಾವತಿ ಒದ್ದೆ ಬಟ್ಟೆಯನ್ನು ಅವಳಿಗೆ ಎಟುಕುವ ಹಾಗೆ ನೆಲದ ಮೇಲಿಟ್ಟು, ಕೂತಲ್ಲಿಂದಲೇ ಹಿಂದಕ್ಕೆ ಸರಿಯುತ್ತಾ ಹೋಗಿ ಎದುರಿನ ಗೋಡೆಗೆ ಬೆನ್ನು ಕೊಟ್ಟು ಕೂತಳು.