ಕೊನೆಯ ಹದಿನಾರು ಪುಟ

ಇನ್ನೂರ ಇಪ್ಪತ್ತೈದನೆಯ ಪುಟಕ್ಕೆ ಬಂದಾಗ ಬೈಂಡರಮ್ಮ ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಹಿಂದಿನ ಪುಟದ ಚಿತ್ರದಲ್ಲಿ ರಾಜಕುಮಾರಿ ಕತ್ತಿ ಹಿಡಿದು ಘಟಸರ್ಪದ ಗುಹೆಯ ಬಾಗಿಲಲ್ಲಿ ನಿಂತಿದ್ದಳು. ಈ ಪುಟದ ಚಿತ್ರದಲ್ಲಿ ನೋಡಿದರೆ ಯಾವನೋ ಕ್ಯಾಪ್ಟನ್ ಗಾಜಿನ ಕಿಟಕಿಯಾಚೆ ಭೂಮಿಯನ್ನು ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದ.

"ಕೊನೇಲಿ ತಲೆಬುಡ ಅರ್ಥ ಆಗ್ಲಿಲ್ಲಮ್ಮ" ಎಂದು ಟೈಲರಕ್ಕ ಆ ಪುಸ್ತಕವನ್ನು ಈಗಷ್ಟೇ ಕೈಗಿಟ್ಟು, ಮುಂದಿನ ಸಾಲಿಗೆ ಹೋಗಿ ಕುಳಿತಿದ್ದಳು. ಗ್ರಂಥಾಲಯದ ಓದುವ ಕೋಣೆ ತುಂಬಿತ್ತು. ವರ್ಷದ ಕೊನೆಯ ಶನಿವಾರ ಸಂಜೆ ಅಲ್ಲಿ ಇಪ್ಪತ್ತು ಮೂವತ್ತು ಜನ ಸೇರುತ್ತಿದ್ದರು. ಮಾಟ, ಮಾಯೆ, ಗ್ರಹ, ನೌಕೆ ಇಂಥ ಕಥೆಗಳ ಹುಚ್ಚಿನವರು. ಆ ವರ್ಷ ಓದಿದ್ದರಲ್ಲಿ ಅತಿ ಮೆಚ್ಚಿದ ಪುಸ್ತಕ ಯಾವುದೆಂದು ಒಬ್ಬೊಬ್ಬರೇ ಎದ್ದು ಹೇಳಬೇಕು. ಕೊನೆಯನ್ನು ಮಾತ್ರ ಹೇಳುವಂತಿಲ್ಲ.

ಆ ಕ್ಯಾಪ್ಟನ್ ಯಾರೆಂದು ಬೈಂಡರಮ್ಮನಿಗೆ ಗೊತ್ತಿತ್ತು. ತಿಂಗಳ ಹಿಂದೆ ಒಂದೇ ದಿನ ಎರಡು ಹಳೆಯ ಪುಸ್ತಕಗಳನ್ನು ಬಿಚ್ಚಿ ಹೊಲಿದಿದ್ದಳು. ಒಂದು ಈ ರಾಜಕುಮಾರಿಯ ಕಥೆ, ಇನ್ನೊಂದು ಆ ಕ್ಯಾಪ್ಟನ್ನಿನ ಆಕಾಶನೌಕೆಯದು. ಎರಡೂ ಒಂದೇ ಮಾಲೆಯವು. ಒಂದೇ ಅಳತೆ, ಒಂದೇ ಕಾಗದ, ಎರಡಕ್ಕೂ ಇನ್ನೂರ ನಲವತ್ತೇ ಪುಟ. ಹದಿನಾರು ಪುಟದ ಒಂದೊಂದು ಮಡಿಕೆಯನ್ನೂ ಅಂಕಿ ನೋಡಿಯೇ ಜೋಡಿಸಿದ್ದಳು. ದಪ್ಪನೆಯ ಅಂಕಿಗಳೇನೋ ಸರಿಯಾಗಿದ್ದವು, ಚಿತ್ರಗಳತ್ತ ನೋಡಿರಲಿಲ್ಲ. ಸಣ್ಣ ಅಕ್ಷರಗಳನ್ನು ಓದುವುದು ಅವಳ ಕೈಲಾಗಿರಲಿಲ್ಲ. ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು, ಈಚೆಗೆ ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ಯಾರಿಗೂ ಹೇಳಿರಲಿಲ್ಲ. ನಿಘಂಟಿಗೆ ತಲೆಕೆಳಗಾಗಿ ರಟ್ಟು ಹಾಕಿದ ದಿನವೇ ಗ್ರಂಥಪಾಲಕಿ ಮೇಡಂ ಮೆಲ್ಲಗೆ ಹೇಳಿದ್ದರು: "ಇನ್ನೊಂದ್ಸಲ ಹೀಗಾದ್ರೆ ಬೈಂಡಿಂಗ್ ಹೊರಗೆ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಹಾಗಾದರೆ ಘಟಸರ್ಪ ಎಲ್ಲಿದೆ? ತಲೆಯೆತ್ತಿದಳು. ನೌಕೆಯ ಕಥೆಯ ನೀಲಿ ಪುಸ್ತಕ ಹಿಡಿದುಕೊಂಡು ಡ್ರೈವರ್ ತಾತ ಆಗಲೇ ಎದ್ದು ನಿಂತಿದ್ದರು.

"ಮೂವತ್ತೆರಡು ವರ್ಷ ಬಸ್ ಓಡಿಸಿದೋನು ನಾನು. ಈ ಕ್ಯಾಪ್ಟನ್ ಸಂಕಟ ನಂಗೊತ್ತು. ಒಳಗೆ ನಲವತ್ತು ಜನ, ಇಂಧನ ಮುಗೀತಿದೆ, ಇಳಿಯೋಕೆ ಸ್ಟಾಪೇ ಇಲ್ಲ!"

"ಎಲ್ರೂ ಟಿಕೆಟ್ ತಗೊಂಡಿದ್ರಾ ತಾತ?" ಅಂಚೆಯಣ್ಣ ಕೂಗಿದ. ನಗು ಎದ್ದಿತು.

ಬೈಂಡರಮ್ಮನಿಗೆ ನಗು ಬರಲಿಲ್ಲ. ತಾತನ ಮಗಳು ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಂತಿದ್ದಳು. ಅಪ್ಪನಿಗೆ ಮರೆವು ಶುರುವಾಗಿದೆ ಎಂದು ಅವಳ ಅನುಮಾನ. ಮನೆಯ ಬೀಗದ ಕೈಯನ್ನೂ ಅವರ ಹತ್ತಿರ ಬಿಡುತ್ತಿರಲಿಲ್ಲ. "ನಾನು ಸರಿಯಾಗಿರೋದು ಈ ಲೈಬ್ರರೀಲಿ ಮಾತ್ರ ನೋಡಿ" ಎಂದು ತಾತ ಒಮ್ಮೆ ಬೈಂಡಿಂಗ್ ಮೇಜಿನ ಪಕ್ಕ ಕುಳಿತು ಹೇಳಿದ್ದರು.

"ಭೂಮಿಗೆ ವಾಪಸ್ ಬರ್ತಾನೋ ಇಲ್ವೋ?" ಯಾರೋ ಕೇಳಿದರು.

"ಕೊನೆ ಹೇಳೋ ಹಾಗಿಲ್ಲ" ಎಂದರು ಮೇಡಂ. ಬೈಂಡರಮ್ಮ ಕೈಲಿದ್ದ ಪುಸ್ತಕವನ್ನು ಮುಚ್ಚಿದಳು.

"ನಿಯಮ ಗೊತ್ತು ಮೇಡಂ" ಎಂದರು ತಾತ. "ಆದ್ರೆ ಹೇಳದಿದ್ರೆ ನನ್ನ ಹೊಟ್ಟೆ ಒಡೆದುಹೋಗುತ್ತೆ. ಎಂಥ ಧೈರ್ಯ ಈ ಲೇಖಕನಿಗೆ! ನೌಕೆ ನಿಂತೇಹೋಯ್ತು. ಪುಟ ತಿರುಗಿಸ್ತೀನಿ, ಅಲ್ಲೊಬ್ಬಳು ಹುಡುಗಿ ಕತ್ತಿ ಕೆಳಗಿಟ್ಟು, ಘಟಸರ್ಪದ ಗಾಯ ತೊಳೀತಾ ಕೂತಿದಾಳೆ. ಕ್ಯಾಪ್ಟನ್ನಿನ ಹೆಸರೇ ಇಲ್ಲ. ನಾನಂತೂ ಅತ್ತುಬಿಟ್ಟೆ."



"ತಾತ, ಆ ಹುಡುಗಿ ನನ್ನ ಪುಸ್ತಕದವಳು!" ಎಂದಳು ಟೈಲರಕ್ಕ.

"ತಾತ ರೂಟ್ ತಪ್ಪಿಸಿಬಿಟ್ರು" ಎಂದ ಅಂಚೆಯಣ್ಣ. ಈ ಸಲದ ನಗು ಜೋರಾಗಿತ್ತು. ಬಾಗಿಲಲ್ಲಿ ಮಗಳ ಮುಖ ಸಣ್ಣದಾಯಿತು. "ಅಪ್ಪಾ, ಸಾಕು ಬನ್ನಿ" ಎಂದಳು.

ತಾತ ಪುಸ್ತಕ ಬಿಡಿಸಿದರು. ಎರಡು ಪುಟ ಹಿಂದೆ, ಎರಡು ಪುಟ ಮುಂದೆ. ಹೊಲಿಗೆಯ ದಾರದ ಮೇಲೆ ಬೆರಳಾಡಿಸಿದರು. ಆಮೇಲೆ ಅಷ್ಟೂ ತಲೆಗಳನ್ನು ದಾಟಿ ಹಿಂದಿನ ಸಾಲಿಗೆ, ನೇರ ಬೈಂಡರಮ್ಮನ ಕಡೆಗೆ ನೋಡಿದರು. ಅವಳು ಮಡಿಲಲ್ಲಿದ್ದ ಪುಸ್ತಕವನ್ನು ಸೆರಗಿನಡಿ ಸರಿಸಿದಳು. ತಾತ ಪುಸ್ತಕ ಮುಚ್ಚಿದರು.

"ಹೌದ್ರಪ್ಪ. ವಯಸ್ಸಾಯ್ತಲ್ಲ. ಎರಡು ಕಥೆ ಒಟ್ಟಿಗೆ ಓದಿ ಕಲಸಿಕೊಂಡೆ."

"ಪುಸ್ತಕ ಕೊಡಿ ಇಲ್ಲಿ, ನೋಡ್ತೀನಿ" ಮೇಡಂ ಕೈಚಾಚಿದರು.

"ಇನ್ನೊಂದು ವಾರ ಇರಲಿ ಮೇಡಂ" ಎಂದು ಅವರು ಅದನ್ನು ಕಂಕುಳಿಗೆ ಸೇರಿಸಿದರು. "ತಲೆ ಕೆಟ್ಟೋನು, ಮತ್ತೊಂದ್ಸಲ ಓದ್ಬೇಕು."

ಮಗಳು ಬಂದು ತೋಳು ಹಿಡಿದಳು, ಮಕ್ಕಳನ್ನು ಹಿಡಿಯುವ ಹಾಗೆ. ತಾತ ತಲೆ ತಗ್ಗಿಸಿ ಹೊರಟರು.

ಬೈಂಡರಮ್ಮ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಬಾಗಿಲಿಗೆ ತಾತನಿಗಿನ್ನು ನಾಲ್ಕೇ ಹೆಜ್ಜೆ.

"ನಿಲ್ಲಿ!" ಬೈಂಡರಮ್ಮನ ದನಿ ಅವಳಿಗೇ ಅಪರಿಚಿತವೆನಿಸಿತು. "ಅವರ ತಲೆ ಸರಿಯಾಗೇ ಇದೆ. ಅವರು ಓದಿದ್ದನ್ನೇ ಹೇಳಿದ್ರು. ಕೊನೆ ಮಡಿಕೆ ಅದಲುಬದಲು ಮಾಡಿ ಹೊಲಿದೋಳು ನಾನು. ನಂಗೆ... ನಂಗೆ ಅಕ್ಷರ ಕಾಣಲ್ಲ."

ಮೇಡಂ ಎರಡೂ ಪುಸ್ತಕ ತೆಗೆದುಕೊಂಡು ನಿಂತಲ್ಲೇ ಕೊನೆಯ ಪುಟಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವನ್ನು ಬೈಂಡಿಂಗ್ ಮೇಜಿನ ಮೇಲಿಟ್ಟರು.

"ಸೋಮವಾರ ಎರಡೂ ಸರಿಯಾಗಿ ಬೇಕು" ಎಂದರು. ನಾಲ್ಕು ಹೆಜ್ಜೆ ಹೋದವರು ತಿರುಗಿದರು. "ಆಮೇಲೆ ಒಂದು ತಿಂಗಳ ರಜದ ಅರ್ಜಿ ಕೊಡಿ. ಕಣ್ಣಿಗೆ. ಕೆಲಸ ಬಿಡೋದಕ್ಕಲ್ಲ."

ಅಂಚೆಯಣ್ಣ ತನ್ನ ಚಪ್ಪಲಿಯ ತುದಿ ನೋಡುತ್ತಿದ್ದ. ಮಗಳು ಅಪ್ಪನ ತೋಳು ಬಿಟ್ಟಿದ್ದಳು.

ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ತಾತ ಬಂದು ಕಾಯುತ್ತಿದ್ದರು, ಒಬ್ಬರೇ. ಬೈಂಡರಮ್ಮ ದಾರ ಕತ್ತರಿಸಿ ಎರಡೂ ಮಡಿಕೆಗಳನ್ನು ಬಿಡಿಸಿದಳು. ಹೊಸ ದಾರ ಸೂಜಿಯ ಪಕ್ಕದಲ್ಲೇ ಎರಡು ಸಲ ಹಾದುಹೋಯಿತು.

"ತನ್ನಿ ಇಲ್ಲಿ. ನನ್ನ ಕಣ್ಣೂ ಹೀಗೇ ಇತ್ತು, ಆಪರೇಷನ್ ಆಗೋವರೆಗೆ." ತಾತ ಒಂದೇ ಏಟಿಗೆ ಪೋಣಿಸಿ ಕೊಟ್ಟರು. "ಆದ್ರೂ ಹೇಳ್ತೀನಿ ಬೈಂಡರಮ್ಮ, ನೀವು ಹೊಲಿದ ಕೊನೆನೇ ಚೆನ್ನಾಗಿತ್ತು."

ಫ್ಯಾನಿನ ಗಾಳಿಗೆ ಘಟಸರ್ಪದ ಹದಿನಾರು ಪುಟಗಳು ಪಟಪಟನೆ ಹಾರತೊಡಗಿದವು. ತಾತ ಜೇಬಿಗೆ ಕೈಹಾಕಿ, ಭಾರಕ್ಕೆಂದು ಅವುಗಳ ಮೇಲೆ ಮನೆಯ ಬೀಗದ ಕೈಯನ್ನು ಇಟ್ಟರು.