ಕುಂದರ್ರಿ ಸಾವಕಾರ್ರ

ತನ್ನ ತಾಯಿಯನ್ನು ವಿಮಾನದ ಮೊದಲನೇ ಸಾಲಿನಲ್ಲೇ ಕೂರಿಸಬೇಕೆಂದು ಸಾಗರ ಹಟ ಹಿಡಿದಿದ್ದ. ಹಿಂದೆ ಕೂತರೂ ವಿಮಾನ ಮುಂಬಯಿಗೇ ಹೋಗುತ್ತದೆ, ಅದೇನು ಅವನಿಗೆ ತಿಳಿಯದ್ದಲ್ಲ. ರಾಮದುರ್ಗದಲ್ಲಿ ಬ್ಯಾನರ್ ಪ್ರಿಂಟ್ ಮಾಡುವ ಅಂಗಡಿ ಇಟ್ಟವನು ಅವನು. ತಾಲೂಕಿನ ದೊಡ್ಡವರೆನಿಸಿಕೊಂಡವರ ಮುಖಗಳನ್ನು ಬಾಗಿಲಗಲ ಮಾಡಿ ಕಂಬಕ್ಕೇರಿಸಿದವನಿಗೆ ಯಾರು ಎಲ್ಲಿ ಕೂತರೆ ಯಾರ ಹೊಟ್ಟೆ ಉರಿಯುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಅವ್ವ ಮುಂದೆ ಕೂತಿರಬೇಕು, ಮಂದಿಯೆಲ್ಲ ಆಕೆಯನ್ನು ದಾಟಿ ಹಿಂದಕ್ಕೆ ಹೋಗಬೇಕು. ಜೀವಮಾನದಲ್ಲಿ ಒಂದು ಸಲ. ಅವನಿಗೆ ಬೇಕಾಗಿದ್ದು ಇಷ್ಟೇ.

ವಿಮಾನವೇನೋ ಕಡಿಮೆ ದರದ್ದು. ಒಂದು ಕಪ್ ಚಹಾ ಬೇಕಾದರೂ ಕಿಸೆಗೆ ಕೈ ಹಾಕಬೇಕು. ಆದರೂ ಮುಂದಿನ ಎರಡು ಸಾಲಿಗೆ ಪ್ರೀಮಿಯಂ ಎಂದು ಹೆಸರಿಟ್ಟಿದ್ದರು. ಕುರ್ಚಿ ಅದೇ, ಅದರ ಬಟ್ಟೆಯೂ ಅದೇ. ಕಾಲು ಚಾಚಲು ಗೇಣು ಜಾಗ ಹೆಚ್ಚು, ಮತ್ತು ಮೂರು ಸೀಟಿನಲ್ಲಿ ನಡುವಿನದನ್ನು ಖಾಲಿ ಬಿಡುತ್ತಾರೆ, ಯಾರ ಮೈಯೂ ಯಾರಿಗೂ ತಾಗದ ಹಾಗೆ. ಫೋನಿನಲ್ಲಿ ಇದನ್ನು ಓದಿದಾಗ ಸಾಗರನಿಗೆ ನಗು ತಡೆಯಲಾಗಿರಲಿಲ್ಲ. ತಾಗದ ಹಾಗೆ ಕೂರುವ ಭಾಗ್ಯ ಹುಟ್ಟೂರು ಕಟಕೋಳದಲ್ಲಿ ಅವನ ಮನೆಯವರಿಗೆ ತಲೆತಲಾಂತರದಿಂದ ಪುಕ್ಕಟೆಯೇ ಸಿಕ್ಕಿತ್ತು.

ಅವ್ವ ಶೆಟ್ಟೆವ್ವನಿಗೆ ಇದೇ ಮೊದಲ ವಿಮಾನ. ಮುಂಬಯಿಯಲ್ಲಿ ನರ್ಸ್ ಆಗಿದ್ದ ಮಗಳು ಭಾಗ್ಯಾ ಹಡೆದಿದ್ದಳು, ಕೂಸನ್ನು ನೋಡಲು ತಾಯಿ ಮಗ ಹೊರಟಿದ್ದರು. ಹುಬ್ಬಳ್ಳಿಯಲ್ಲಿ ಎಲ್ಲರಿಗಿಂತ ಮೊದಲು ಹತ್ತಿಸಿದರು. ಕೆಳಗೆ ನೋಡಿದರೆ ಜೀವ ಹೋಗುತ್ತದೆ, ಕಿಟಕಿ ಬಾಜೂಕ ನಾನೊಲ್ಲೆ ಎಂದಳು. ಹಾಗಾಗಿ ಸಾಗರ ಕಿಟಕಿಗೆ ಕೂತ, ಅವ್ವ ಓಡಾಡುವ ದಾರಿಯ ಬದಿಗೆ. ಕೂತಳು ಎಂದರೆ ಕೂತಳು, ಅಷ್ಟೆ. ಸೀಟಿನ ಅಂಚಿಗೆ ಅರ್ಧ ಮೈ ಊರಿ, ಯಾರಾದರೂ ಎಬ್ಬಿಸುತ್ತಾರೇನೋ ಎಂದು ಮಗನನ್ನು ಎರಡೆರಡು ಸಲ ಕೇಳಿದಳು. ನಿನ್ನನ್ನು ಎಬ್ಬಿಸುವ ಮಗ ಇನ್ನೂ ಹುಟ್ಟಿಲ್ಲ ಬೇ ಎಂದು ಸಾಗರ ಮೀಸೆಯಡಿ ನಕ್ಕ.

ಮಂದಿ ಬರತೊಡಗಿದರು. ಒಬ್ಬೊಬ್ಬರೂ ಹಸಿರು ಇಳಕಲ್ ಸೀರೆಯ ಹೆಂಗಸನ್ನು ನೋಡುತ್ತ ಹಿಂದಕ್ಕೆ ಸರಿಯುತ್ತಿದ್ದರೆ ಸಾಗರನಿಗೆ ಹಬ್ಬ. ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಟೋಪಿ, ಬಿಳಿ ಧೋತರ ಕಂಡವು. ಕಟಕೋಳದ ದುಂಡಪ್ಪ ಸಾವಕಾರ! ಬೆಲ್ಲದ ಅಡತಿ, ನೀರಾವರಿ ಹೊಲ, ಊರ ನಡುವೆ ಕಲ್ಲಿನ ಮನೆ. ಶೆಟ್ಟೆವ್ವ ಹರೆಯದಿಂದ ಕಸ ತೆಗೆದದ್ದು ಅವನ ಹೊಲದಲ್ಲಿ, ಸೆಗಣಿ ಬಳಿದದ್ದು ಅವನ ದನದ ಕೊಟ್ಟಿಗೆಯಲ್ಲಿ. ಬೀಗರ ಮನೆಯ ಮದುವೆಗೆಂದು ಹೊರಟವನಿಗೆ ಜಿಪುಣ ಅಳಿಯ ಎಲ್ಲಕ್ಕಿಂತ ಹಿಂದಿನ ಸೀಟು ತೆಗೆದುಕೊಟ್ಟಿದ್ದ.

ಸಾಗರನ ಎದೆ ಉಬ್ಬಿತು. ನೋಡಲಿ ಮಗ, ಕಣ್ಣು ತುಂಬ ನೋಡಲಿ!

ಶೆಟ್ಟೆವ್ವ ಎದ್ದು ನಿಂತಳು. ಸೆರಗು ತಲೆಯ ಮೇಲೆ ಬಂತು, ಬೆನ್ನು ಬಾಗಿತು.

"ಬರ್ರಿ ಸಾವಕಾರ್ರ, ಕುಂದರ್ರಿ."

ಇದೊಂದು ಮಾತು, ಅಷ್ಟೆ. ದುಂಡಪ್ಪ ಇವರ ಓಣಿ ಹಾದು ಹೊಲಕ್ಕೆ ಹೋಗುವಾಗಲೆಲ್ಲ ಆಕೆ ಕಟ್ಟೆಯಿಂದೆದ್ದು ಹೀಗೆಯೇ ಅನ್ನುತ್ತಿದ್ದಳು, ಅವನು ಆತಾತು ಎಂದು ಕಾಲು ನಿಲ್ಲಿಸದೆ ಹೋಗುತ್ತಿದ್ದ. ಅನ್ನಬೇಕಾದ್ದು ಆಕೆಯ ಪಾಲು, ಕೂರದಿರುವುದು ಅವನ ಪಾಲು. ಆ ಓಣಿಯ ಒಂದು ಕಲ್ಲಿಗೂ ಅವನ ಧೋತರ ತಾಗಿದ್ದಿಲ್ಲ. ಈವತ್ತು ಅವನು ನಿಂತ. ಕಾಲು ಚಾಚುವ ಜಾಗ ನೋಡಿದ, ಖಾಲಿ ಸೀಟು ನೋಡಿದ. ಇಷ್ಟು ಹೇಳಿದ ಮೇಲೆ ಒಲ್ಲೆ ಅನ್ನುವುದು ಹೇಗೆ ಎಂದು ಆಕೆಯ ಸೀಟಿನಲ್ಲಿ ಕೂತೇಬಿಟ್ಟ.

"ಸಾವಕಾರ್ರ, ಅದು ನಮ್ಮವ್ವನ ಸೀಟರಿ," ಎಂದ ಸಾಗರ. ಗಟ್ಟಿಯಾಗಿ ಹೇಳಬೇಕೆಂದಿದ್ದ, ದನಿ ಕೈಕೊಟ್ಟಿತು.

"ಆಕಿನ ಕುಂದರ್ರಿ ಅಂದಾಳಲೇ. ಬೇಕಾರ ಕೇಳು."

ಗಗನಸಖಿ ಬಂದಳು, ಬೆಂಗಳೂರು ಕಡೆಯ ಹುಡುಗಿ. ಹಿಂದೆ ಮಂದಿಯ ಸಾಲು ನಿಂತುಹೋಗಿತ್ತು. ಇದು ನಿಮ್ಮ ಸೀಟು ಅಮ್ಮಾ, ನಿಮಗೆ ಬೇಕೆಂದರೆ ಅವರನ್ನು ಈಗಲೇ ಏಳಿಸುತ್ತೇನೆ, ಒಂದು ಮಾತು ಹೇಳಿ ಸಾಕು ಎಂದು ಶೆಟ್ಟೆವ್ವನನ್ನು ಕೇಳಿದಳು. ಸಾಗರ ಮನಸ್ಸಿನಲ್ಲೇ ಬೇಡಿಕೊಂಡ: ಹೂಂ ಅನ್ನು ಯವ್ವಾ, ಒಂದು ಸಲ ಹೂಂ ಅಂದುಬಿಡು.

ಶೆಟ್ಟೆವ್ವ ಮಗನ ಮುಖ ನೋಡಿದಳು, ಬಿಳಿ ಟೋಪಿಯ ಕಡೆ ನೋಡಿದಳು.

"ನಾನ ಬಿಟ್ಟುಕೊಟ್ಟೇನಿ ತಂಗಿ. ಹಿರ್ಯಾರದಾರ, ಕುಂದರ್ಲಿ."

ಸಾವಕಾರನ ಚೀಟಿ ಹಿಡಿದು, ಎಲ್ಲರ ಕಣ್ಣೆದುರು ಹಿಂದೆ ಹಿಂದೆ ನಡೆದುಹೋದಳು.

ಸಾಗರನ ಮುಖಕ್ಕೆ ಹೊಡೆದ ಹಾಗಾಯಿತು. ದುಂಡಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಅವ್ವನ ಮೇಲೆ. ಅವನ ಮೇಲೆ ಸಿಟ್ಟು ಮಾಡಲು ಧೈರ್ಯ ಬೇಕು, ಅವ್ವನ ಮೇಲೆ ಮಾಡಲು ಏನೂ ಬೇಕಾಗಿಲ್ಲವಲ್ಲ. ದರಿದ್ರದವಳು, ಸಿಂಹಾಸನದ ಮೇಲೆ ಕೂರಿಸಿದರೂ ಇಳಿದು ನೆಲ ಸಾರಿಸುವವಳು ಎಂದು ಮನಸ್ಸಿನಲ್ಲೇ ಬೈದ. ಹೆತ್ತವಳಿಗೆ ಬೈಯಬಾರದ್ದನ್ನೂ ಬೈದ.

ದುಂಡಪ್ಪ ಟೋಪಿ ತೆಗೆದು ನಡುವಿನ ಸೀಟಿನ ಮೇಲಿಟ್ಟ. ಚಪ್ಪಲಿ ಬಿಟ್ಟು ಕಾಲು ನೀಡಿದ. ಸೀಟು ಚಲೋ ಐತಿ, ನೀನೂ ಚಲೋ ದುಡಿಯಾಕತ್ತೀ ಬಿಡು ಎಂದು ಹೊಗಳಿದ. ಮೊಮ್ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಒಂದು ದೊಡ್ಡ ಬ್ಯಾನರ್ ಬೇಕು, ಹುಡುಗನ ತಲೆಯ ಹಿಂದೆ ಸೂರ್ಯ ಬರಬೇಕು ಎಂದ. ಮಾಡಿಕೊಡೂಣ್ರಿ ಎಂಬ ಮಾತು ಸಾಗರನ ಬಾಯಿಂದ ತಾನಾಗಿಯೇ ಬಂತು. ಸೂರ್ಯ ಹಳದಿ ಇರಬೇಕೋ ಕೆಂಪೋ ಎಂದೂ ಕೇಳಿದ.

ಬಾಗಿಲು ಹಾಕಿದ ಮೇಲೆ ಆ ಹುಡುಗಿ ಮತ್ತೆ ಬಂದು ಬಗ್ಗಿದಳು.

"ಸರ್, ಅಮ್ಮ ತುಂಬಾ ಹೆದರಿದ್ದಾರೆ, ನಿಮ್ಮನ್ನು ಕರೀತಿದ್ದಾರೆ. ಅವರ ಪಕ್ಕದ ಸೀಟು ಖಾಲಿ ಇದೆ, ನೀವು ಅಲ್ಲೇ ಬಂದು ಕೂರಬಹುದು."

ಸಾಗರ ಬೆಲ್ಟಿಗೆ ಕೈ ಹಾಕಿದ. ಆಗ ಅವನಿಗೆ ಹೊಳೆಯಿತು, ತಾನೂ ಎದ್ದರೆ ಸಾಲಿಗೆ ಸಾಲೇ ಸಾವಕಾರನದು. ತನ್ನ ದುಡಿಮೆಯ ಸೀಟಿನಲ್ಲಿ ಅವನು ಅಡ್ಡ ಮಲಗಿ ಮುಂಬಯಿ ಮುಟ್ಟುತ್ತಾನೆ. ದುಂಡಪ್ಪ ಹಲ್ಲು ಕಡ್ಡಿ ಆಡಿಸುತ್ತ ಇವನನ್ನೇ ನೋಡುತ್ತಿದ್ದ. ಸಾಗರನ ಕೈ ಬೆಲ್ಟಿನಿಂದ ಹಿಂದೆ ಬಂತು.

"ಆಕಿನ ಎದ್ದು ಹೋಗ್ಯಾಳ. ಈಗ ಆಕಿನ ಕುಂದರ್ಲಿ ಅಂತ ಹೇಳ್ರಿ."

ಹುಡುಗಿ ಅವನನ್ನು ಒಂದು ಕ್ಷಣ ನೋಡಿ ಹೊರಟುಹೋದಳು.

ಘಟ್ಟದ ಮೋಡಗಳಲ್ಲಿ ವಿಮಾನ ಕುಲುಕಾಡಿತು. ಒಂದು ಸಲ ಧಡಾರನೆ ಕೆಳಗಿಳಿದಾಗ ಹಿಂದಿನಿಂದ ಒಂದು ಕೂಗು ಬಂತು: ಸಾಗರಾ! ಮಂದಿ ತಿರುಗಿ ನೋಡಿದರು, ಯಾರೋ ನಕ್ಕರು. ಮತ್ತೊಮ್ಮೆ ಬಂತು, ಈ ಸಲ ಸಣ್ಣ ದನಿಯಲ್ಲಿ. ನಿಮ್ಮವ್ವ ಒದರಾಕತ್ತಾಳ ನೋಡಲೇ ಎಂದ ದುಂಡಪ್ಪ. ಸಾಗರ ಕಿಟಕಿಯ ಕಡೆ ಮುಖ ಹೊರಳಿಸಿದ.

"ಯಾರೋ ಬ್ಯಾರೇದವರಿರಬೇಕ್ರಿ."

ಮುಂಬಯಿಯಲ್ಲಿ ಮುಂದಿನ ಸಾಲಿನವರು ಮೊದಲು ಇಳಿದರು. ಬ್ಯಾನರ್ ಮರೀಬ್ಯಾಡ ಎಂದು ಹೇಳಿ ದುಂಡಪ್ಪ ಹೋದ. ಸಾಗರ ವಿಮಾನದ ಬಾಗಿಲಾಚೆಯ ಸೇತುವೆ ದಾರಿಯ ಗೋಡೆಗೆ ಒರಗಿ ನಿಂತು, ಅವ್ವನಿಗೆ ಆಡಬೇಕಾದ ಮಾತುಗಳನ್ನು ಮಸೆಯುತ್ತಿದ್ದ. ಇನ್ನು ಮುಂದೆ ನನ್ನ ಜೊತೆ ಹೆಜ್ಜೆ ಇಡಬೇಡ, ನಿನ್ನ ಯೋಗ್ಯತೆ ಅಷ್ಟೇ, ಹೋಗಿ ಅವನ ಸೆಗಣಿಯನ್ನೇ ಬಾಚು. ಮಂದಿಯೆಲ್ಲ ಹೋದರು. ಕಟ್ಟಕಡೆಗೆ ಶೆಟ್ಟೆವ್ವ ಆ ಹುಡುಗಿಯ ತೋಳು ಹಿಡಿದು ಬಂದಳು. ಸೀರೆಯ ಎದೆಭಾಗ ಒದ್ದೆಯಾಗಿತ್ತು, ವಾಂತಿಯ ವಾಸನೆ ಬರುತ್ತಿತ್ತು. ಹುಡುಗಿ ಸಾಗರನ ಕಡೆ ನೋಡದೆ ತೋಳು ಬಿಡಿಸಿಕೊಂಡು ಒಳಗೆ ಹೋದಳು.

ಅವನು ಬಾಯಿ ತೆರೆಯುವ ಮೊದಲೇ ಶೆಟ್ಟೆವ್ವ ಹತ್ತಿರ ಬಂದು ಅವನ ಮುಖ ಹಿಡಿದು ನೋಡಿದಳು.

"ನಿದ್ದಿ ಆತೇನಪಾ? ನಿನಗ ನಿದ್ದಿ ಹತ್ತೈತಿ, ಎಬ್ಬಸೂದು ಬ್ಯಾಡ ಅಂತ ಆ ಹುಡುಗಿ ಹೇಳಿದ್ಲು. ಬಾಜೂಕಿನ ಸೀಟಿನ ಮ್ಯಾಲ ಕೈ ಇಟ್ಟಕೊಂಡ ಕುಂತಿದ್ನಿ, ಎಚ್ಚರಾದ್ರ ಬರ್ತಿ ಅಂತ. ನಡುವ ಅಂಜಿ ಒದರಿಬಿಟ್ನಿ ನೋಡು. ಎಚ್ಚರ ಆತೇನು ನಿನಗ?"



"ಇಲ್ಲಬೇ," ಎಂದ ಸಾಗರ. "ಎಚ್ಚರ ಆಗಲಿಲ್ಲ."

"ಚಲೋ ಆತು ಬಿಡು," ಎಂದು ಶೆಟ್ಟೆವ್ವ ಉಸಿರು ಬಿಟ್ಟಳು.